ಎಂಟು ಸೆಕೆಂಡು ಬಾಕಿ ಇತ್ತು: ಲುವೋಲ್ ಡೆಂಗ್ ಯಾವ ದೇಶದವನು?

(ಈ ವಾರದ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲಿ ಕೂತು ಕೇಳ್ತಿದ್ರೆ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ, ಇವತ್ತು ನನ್ನ ಗಂಟಲು ಸರಿ ಇಲ್ಲ. ಇಲ್ಲಿ ಸಾವನದುರ್ಗದ ಕಡೆ ಬೆಳಗ್ಗೆ ಒಳ್ಳೆ ಚಳಿ.

2024ರ ಜುಲೈ 20. ಲಂಡನ್ನಿನ ಒ-ಟೂ ಅರೀನಾ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಇನ್ನೇನು ಒಂದು ವಾರ ಇದೆ. ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಒಂದು ಅಭ್ಯಾಸ ಪಂದ್ಯ ಆಡ್ತಿದೆ. ಒಂದು ಕಡೆ ಲೆಬ್ರಾನ್ ಜೇಮ್ಸ್, ಸ್ಟೆಫ್ ಕರಿ, ಒಬ್ಬೊಬ್ಬರ ಸಂಬಳದಲ್ಲಿ ನಮ್ಮ ತಾಲ್ಲೂಕಿನ ವರ್ಷದ ಬಜೆಟ್ ನಡೆಸಬಹುದು. ಇನ್ನೊಂದು ಕಡೆ ದಕ್ಷಿಣ ಸೂಡಾನ್. ಆಗ ಆ ದೇಶಕ್ಕೆ 13 ವರ್ಷ ವಯಸ್ಸು. ನಮ್ಮ ರಾಮನಗರ ಜಿಲ್ಲೆ ಆಗಿದ್ದು 2007ರಲ್ಲಿ, ಅದಕ್ಕಿಂತಲೂ ಚಿಕ್ಕ ದೇಶ ಅದು. (ರಾಮನಗರಕ್ಕೆ ಈಗ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಗಿದೆ, ಗೊತ್ತು. ನಮ್ಮಜ್ಜಿಗೆ ಇನ್ನೂ ಗೊತ್ತಿಲ್ಲ.)

ಆ ದೇಶದಲ್ಲಿ ಸೂರು ಇರೋ ಒಂದು ಬಾಸ್ಕೆಟ್‌ಬಾಲ್ ಅಂಗಳ ಕೂಡ ಇರಲಿಲ್ಲ. ಆದ್ರೆ ಪಂದ್ಯದ ಒಂದು ಹಂತದಲ್ಲಿ ಆ ತಂಡ ಅಮೆರಿಕಕ್ಕಿಂತ 16 ಅಂಕ ಮುಂದಿತ್ತು. ಕೊನೆಗೆ ಎಂಟು ಸೆಕೆಂಡು ಬಾಕಿ ಇದ್ದಾಗ ಲೆಬ್ರಾನ್ ನುಗ್ಗಿ ಚೆಂಡು ಹಾಕಿ ಅಮೆರಿಕದ ಮಾನ ಉಳಿಸಿದ. 101-100. ಒಂದೇ ಒಂದು ಅಂಕ.

ಆ ದಿನ ಸೋತ ತಂಡದ ಕಡೆ, ಅಂಗಳದ ಪಕ್ಕದಲ್ಲಿ, ಆರು ಅಡಿ ಒಂಬತ್ತು ಇಂಚಿನ ಒಬ್ಬ ಮನುಷ್ಯ ಇದ್ದ. ಆಟಗಾರ ಅಲ್ಲ. ಆ ದೇಶದ ಬಾಸ್ಕೆಟ್‌ಬಾಲ್ ಸಂಸ್ಥೆಯ ಅಧ್ಯಕ್ಷ. ಅದೇ ಲಂಡನ್ನಿಗೆ ಅವನು ಬಂದಿದ್ದು ಚಿಕ್ಕ ಹುಡುಗನಾಗಿ, ನಿರಾಶ್ರಿತನಾಗಿ. ಹೆಸರು ಲುವೋಲ್ ಡೆಂಗ್. ಇವತ್ತು ಇವನದೇ ಕಥೆ.

ನೀವು ಕೇಳಬಹುದು, ಕ್ರಿಕೆಟ್ ಬಿಟ್ಟು ಇದ್ಯಾಕಪ್ಪ ಅಂತ. ನ್ಯಾಯವೇ. ನಮ್ಮ ಮಾಗಡಿ ಕಡೆ ಟೆನ್ನಿಸ್ ಬಾಲ್ ಕ್ರಿಕೆಟ್ ಇದೆ, ಕಬಡ್ಡಿ ಇದೆ, ಸಂಜೆ ಆದ್ರೆ ವಾಲಿಬಾಲ್ ನೆಟ್ ಕಟ್ತಾರೆ. ಬಾಸ್ಕೆಟ್‌ಬಾಲ್ ಅಂದ್ರೆ ನನಗೆ ನೆನಪಾಗೋದು ನಾನು ಬಿ.ಕಾಂ. ಓದಿದ ಕಾಲೇಜಿನ ಮೂಲೇಲಿ ನಿಂತಿದ್ದ ಒಂದು ತುಕ್ಕು ಹಿಡಿದ ಕಂಬ. ಬಲೆ ಇಲ್ಲದ ರಿಂಗು. ಮೂರು ವರ್ಷದಲ್ಲಿ ಅದರೊಳಗೆ ಚೆಂಡು ಬಿದ್ದಿದ್ದು ನಾನಂತೂ ನೋಡಿಲ್ಲ, ಒಮ್ಮೆ ಯಾರೋ ಹೆಲ್ಮೆಟ್ ನೇತು ಹಾಕಿದ್ರು.

ಹಾಗಂತ ಕರ್ನಾಟಕದಲ್ಲಿ ಬಾಸ್ಕೆಟ್‌ಬಾಲ್ ಇಲ್ಲ ಅಂತಲ್ಲ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ಬಿ ವಿಭಾಗದ ಪಂದ್ಯಾವಳಿ ನಡೀತು. ಫೈನಲ್‌ನಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನ ಎರಡೇ ಅಂಕದಿಂದ ಸೋಲಿಸಿ ಕಪ್ ಎತ್ತಿದ್ರು. ಎಷ್ಟು ಜನಕ್ಕೆ ನೆನಪಿದೆ? ಇಲ್ಲಿ ಬಾಸ್ಕೆಟ್‌ಬಾಲ್ ಆಡಿ ಬದುಕಬೇಕು ಅಂದ್ರೆ ರೈಲ್ವೆ, ಆದಾಯ ತೆರಿಗೆ ಇಲಾಖೆ, ಬ್ಯಾಂಕು, ಇವುಗಳ ಕ್ರೀಡಾ ಕೋಟಾದ ಕೆಲಸವೇ ದಾರಿ. ಬೆಂಗಳೂರಿನ ವಿಜಯಾ ಬ್ಯಾಂಕಿನ ತಂಡ ಒಂದು ಕಾಲಕ್ಕೆ ದೊಡ್ಡ ಹೆಸರು. 2019ರಲ್ಲಿ ಆ ಬ್ಯಾಂಕೇ ವಿಲೀನ ಆಗೋಯ್ತು.

ಇನ್ನು ಸೂಡಾನ್. ಅದು ನಮಗೆ ದೂರದ ಊರು ಅನ್ಕೊಂಡಿದ್ರೆ 2023ರ ಏಪ್ರಿಲ್ ನೆನಪು ಮಾಡ್ಕೊಳ್ಳಿ. ಸೂಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಸಮುದಾಯದ ಹತ್ತಾರು ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ರು. ಗಿಡಮೂಲಿಕೆ, ಎಣ್ಣೆ ಮಾರೋಕೆ ಹೋದವರು. ಟ್ವಿಟ್ಟರ್‌ನಲ್ಲಿ ಸಿದ್ದರಾಮಯ್ಯ ಅವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಜಟಾಪಟಿ ಆಯ್ತು. ಆಮೇಲೆ ಸರ್ಕಾರ ಅವರನ್ನೆಲ್ಲ ಕರೆತಂದ ಕಾರ್ಯಾಚರಣೆಗೆ ಇಟ್ಟ ಹೆಸರೇ ಆಪರೇಷನ್ ಕಾವೇರಿ. ಗುಂಡಿನ ಸದ್ದು ಕೇಳ್ತಾ, ನೀರಿಲ್ಲದೆ, ಫೋನ್ ಚಾರ್ಜ್ ಇಲ್ಲದೆ ಒಂದು ಕೋಣೆಯಲ್ಲಿ ಕೂತಿದ್ದ ಆ ನಮ್ಮವರಿಗೆ ವಾಪಸ್ ಬರೋಕೆ ಒಂದು ಊರಿತ್ತು, ಕೈಯಲ್ಲಿ ಒಂದು ಪಾಸ್‌ಪೋರ್ಟ್ ಇತ್ತು. ಅದೆರಡೂ ಇಲ್ಲದಿದ್ರೆ ಏನಾಗುತ್ತೆ ಅನ್ನೋದೇ ಡೆಂಗ್ ಕಥೆಯ ಮೊದಲ ಭಾಗ.

ಡೆಂಗ್ ಹುಟ್ಟಿದ್ದು 1985ರ ಏಪ್ರಿಲ್ 16ಕ್ಕೆ, ವಾವ್ ಅನ್ನೋ ಪಟ್ಟಣದಲ್ಲಿ. ಆಗ ಅದು ಇನ್ನೂ ಒಂದೇ ಸೂಡಾನ್. ಉತ್ತರಕ್ಕೂ ದಕ್ಷಿಣಕ್ಕೂ 1983ರಲ್ಲಿ ಶುರುವಾದ ಎರಡನೇ ಅಂತರ್ಯುದ್ಧ 2005ರವರೆಗೆ ನಡೀತು. ಅಂದ್ರೆ ಇವನು ಹುಟ್ಟಿದಾಗ ಎರಡು ವರ್ಷದ ಯುದ್ಧ, ಇವನು ಎನ್‌ಬಿಎ ಸೇರಿದಾಗಲೂ ಅದೇ ಯುದ್ಧ. ಅಪ್ಪ ಆಲ್ಡೊ ಡೆಂಗ್ ಸಾಮಾನ್ಯ ಮನುಷ್ಯ ಅಲ್ಲ, ಸೂಡಾನಿನ ಸಂಸತ್ತಿನ ಸದಸ್ಯ, ಮಂತ್ರಿಯೂ ಆಗಿದ್ದವರು. ಡಿಂಕಾ ಜನಾಂಗ. ಇಂಥ ಮನೆತನಕ್ಕೇ ಉಳಿಗಾಲ ಇಲ್ಲ ಅಂದಾಗ ಉಳಿದವರ ಪಾಡು ಊಹಿಸಿ. ಮಕ್ಕಳನ್ನ ಈಜಿಪ್ಟಿಗೆ ಸಾಗಿಸಿದ್ರು.

ಈಜಿಪ್ಟ್‌ನಲ್ಲಿ ಕೆಲವು ವರ್ಷ. ಓಡಿ ಬಂದ ದೊಡ್ಡ ಕುಟುಂಬ, ಅದಕ್ಕೆ ತಕ್ಕ ಜಾಗ ಇಲ್ಲ, ಮುಂದೆ ಎಲ್ಲಿಗೆ ಅನ್ನೋದು ಗೊತ್ತಿಲ್ಲ. ಅಲ್ಲಿ ಇವರ ಬದುಕಿಗೆ ಒಬ್ಬ ಬಂದ. ಅವನ ಬಗ್ಗೆ ನಾನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನ್ನ ಪ್ರಕಾರ ಇಡೀ ಕಥೆಯ ಬೀಜ ಇರೋದು ಅಲ್ಲಿ.

ಮನೂಟ್ ಬೋಲ್. ಏಳು ಅಡಿ ಏಳು ಇಂಚು! ನಮ್ಮ ಮನೆ ಬಾಗಿಲು ಏಳಡಿ ಇಲ್ಲ. ಹುಡುಗನಾಗಿದ್ದಾಗ ದನ ಕಾಯ್ತಿದ್ದ ಡಿಂಕಾ ಮನುಷ್ಯ, 1985ರಲ್ಲಿ ಎನ್‌ಬಿಎ ಸೇರಿದ. ಎದುರಾಳಿ ಎಸೆದ ಚೆಂಡನ್ನ ಗಾಳಿಯಲ್ಲೇ ತಡೆಯೋದರಲ್ಲಿ ಅವನಿಗೆ ಸಮ ಇರಲಿಲ್ಲ. ಹತ್ತು ವರ್ಷದ ಹತ್ತಿರ ಆಡಿ ದುಡಿದ ಹಣ ಎಲ್ಲಿ ಹೋಯ್ತು? ಬಹುಪಾಲು ದಕ್ಷಿಣ ಸೂಡಾನಿನ ಹೋರಾಟಕ್ಕೆ, ಅಲ್ಲಿನ ನಿರಾಶ್ರಿತರಿಗೆ. ಆಡೋದು ನಿಂತ ಮೇಲೂ ಹಣ ಬೇಕಿತ್ತು. ಅದಕ್ಕೆ ಏನೇನು ಮಾಡಿದ ಕೇಳಿ. ಟಿವಿ ಶೋನಲ್ಲಿ ಬಾಕ್ಸಿಂಗ್ ಆಡಿದ. ಸ್ಕೇಟಿಂಗ್ ಬರದಿದ್ರೂ ಐಸ್ ಹಾಕಿ ತಂಡಕ್ಕೆ ಸಹಿ ಹಾಕಿದ. ಕುದುರೆ ಜಾಕಿ ಆಗ್ತೀನಿ ಅಂತ ನಿಂತ. ಜನ ನಕ್ಕರು. ನಗಲಿ ಅಂತಲೇ ನಿಂತಿದ್ದ, ಟಿಕೆಟ್ ಹಣ ಊರಿಗೆ ಹೋಗ್ತಿತ್ತಲ್ಲ.

ಕಾಮರ್ಸ್ ಓದಿದ ನಾನು ಇದನ್ನ ಲೆಡ್ಜರ್‌ನಲ್ಲಿ ಬರೆದ್ರೆ ನಷ್ಟದ ಖಾತೆ. 2010ರಲ್ಲಿ, 47ನೇ ವಯಸ್ಸಿಗೆ ಬೋಲ್ ತೀರಿಕೊಂಡ. ಮರುವರ್ಷ ಜುಲೈ 9ಕ್ಕೆ ದಕ್ಷಿಣ ಸೂಡಾನ್ ಸ್ವತಂತ್ರ ಆಯ್ತು. ಅವನು ನೋಡಲಿಲ್ಲ. ಆದ್ರೆ ಈಜಿಪ್ಟ್‌ನಲ್ಲಿ ಅವನು ಡೆಂಗ್ ಅಣ್ಣತಮ್ಮಂದಿರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಟ್ಟಿದ್ದ. ಆ ಖಾತೆಯ ಲಾಭ ಬರೋಕೆ ಮೂವತ್ತು ವರ್ಷ ಬೇಕಾಯ್ತು.

ಅಪ್ಪನಿಗೆ ಬ್ರಿಟನ್ ರಾಜಕೀಯ ಆಶ್ರಯ ಕೊಡ್ತು. ತೊಂಬತ್ತರ ದಶಕದ ಮೊದಲರ್ಧದಲ್ಲೇ ಕುಟುಂಬ ದಕ್ಷಿಣ ಲಂಡನ್ನಿನ ಸೌತ್ ನಾರ್ವುಡ್‌ಗೆ ಬಂತು. ಲುವೋಲ್‌ಗೆ ಆಗ ಫುಟ್ಬಾಲ್ ಹುಚ್ಚು, ಆರ್ಸೆನಲ್ ಅಭಿಮಾನಿ. ಬಾಸ್ಕೆಟ್‌ಬಾಲ್ ಹಿಡಿದಿದ್ದು ಬ್ರಿಕ್ಸ್‌ಟನ್ ಅನ್ನೋ ಬಡಾವಣೆಯ ಕ್ಲಬ್ಬಿನಲ್ಲಿ, ಜಿಮ್ಮಿ ರಾಜರ್ಸ್ ಅನ್ನೋ ಕೋಚ್ ಕೈಕೆಳಗೆ. ಇಂಥ ಕೋಚುಗಳು ನಮ್ಮಲ್ಲೂ ಇದ್ದಾರೆ. ಸಂಬಳ ಅಷ್ಟಕ್ಕಷ್ಟೇ, ಸ್ವಂತ ಸ್ಕೂಟರಲ್ಲಿ ಹುಡುಗರನ್ನ ಕೂರಿಸಿಕೊಂಡು ಪಂದ್ಯಕ್ಕೆ ಕರ್ಕೊಂಡು ಹೋಗೋರು. ಪೇಪರಲ್ಲಿ ಹೆಸರು ಬರಲ್ಲ.

ಹದಿನಾಲ್ಕಕ್ಕೆ ಡೆಂಗ್ ಅಮೆರಿಕಕ್ಕೆ ಹೊರಟ, ನ್ಯೂಜೆರ್ಸಿಯ ಬ್ಲೇರ್ ಅಕಾಡೆಮಿ ಅನ್ನೋ ವಸತಿ ಶಾಲೆಗೆ. ಲೆಕ್ಕ ಹಾಕಿ: ಹದಿನಾಲ್ಕು ವರ್ಷಕ್ಕೆ ನಾಲ್ಕನೇ ದೇಶ. ಹೈಸ್ಕೂಲ್ ಮುಗಿಸೋ ಹೊತ್ತಿಗೆ ಇಡೀ ಅಮೆರಿಕದ ಅವನ ಬ್ಯಾಚಿನಲ್ಲಿ ಎರಡನೇ ಅತ್ಯುತ್ತಮ ಆಟಗಾರ ಅಂತ ಹೆಸರು. ಮೊದಲನೆಯವನು ಯಾರು ಗೊತ್ತಾ? ಲೆಬ್ರಾನ್ ಜೇಮ್ಸ್. ಅದೇ ಎಂಟು ಸೆಕೆಂಡಿನ ಲೆಬ್ರಾನ್. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಆಡಿ 2004ರ ಡ್ರಾಫ್ಟ್‌ಗೆ ಬಂದ. ಏಳನೇ ಆಯ್ಕೆ. ಫೀನಿಕ್ಸ್ ಸನ್ಸ್ ಹೆಸರು ಕೂಗಿತು, ಆದ್ರೆ ಅವನನ್ನ ಶಿಕಾಗೊ ಬುಲ್ಸ್‌ಗೆ ಬಿಟ್ಟುಕೊಡ್ತು. (ಡ್ರಾಫ್ಟ್ ಅಂದ್ರೆ ಐಪಿಎಲ್ ಹರಾಜಿನ ಥರ, ಆದ್ರೆ ಬೆಲೆ ಕೂಗೋದಿಲ್ಲ, ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸಿಕೊಳ್ತವೆ.) ಫೀನಿಕ್ಸ್ ಹೆಸರು ನೆನಪಲ್ಲಿಡಿ, ಕೊನೆಗೆ ಬೇಕಾಗುತ್ತೆ.

ಶಿಕಾಗೊದಲ್ಲಿ ಒಂಬತ್ತೂವರೆ ವರ್ಷ. ಇವನ ಆಟ ಹೇಗಿತ್ತು ಅಂದ್ರೆ, ರೀಲ್ಸ್‌ಗೆ ಆಗೋ ಆಟ ಅಲ್ಲ. ಎದುರಾಳಿಯ ಅತಿ ದೊಡ್ಡ ಆಟಗಾರನನ್ನ ಕಾಯೋ ಕೆಲಸ ಇವನದು. ಲೆಬ್ರಾನ್ ಬಂದ್ರೂ ಡೆಂಗ್ ಕಾಯಬೇಕು. ಕೋಚ್ ಟಾಮ್ ಥಿಬೊಡೊ ಇವನನ್ನ ಕೂರಿಸ್ತಾನೇ ಇರಲಿಲ್ಲ. 48 ನಿಮಿಷದ ಪಂದ್ಯದಲ್ಲಿ 2011-12ರಲ್ಲಿ ಸರಾಸರಿ 39.4 ನಿಮಿಷ, ಮರುವರ್ಷ 38.7 ನಿಮಿಷ. ಎರಡೂ ವರ್ಷ ಇಡೀ ಲೀಗಿನಲ್ಲೇ ಅತಿ ಹೆಚ್ಚು. ಅವೇ ಎರಡು ವರ್ಷ, 2012 ಮತ್ತು 2013ರಲ್ಲಿ, ಆಲ್‌ಸ್ಟಾರ್ ಪಂದ್ಯಕ್ಕೂ ಆಯ್ಕೆಯಾದ. 2007ರಲ್ಲಿ ಸಭ್ಯ ಆಟಗಾರ ಪ್ರಶಸ್ತಿ ಬಂದಿತ್ತು. ಮೈಮುರಿದು ದುಡಿಯೋ, ಜಗಳ ಮಾಡದ, ಹೇಳಿದ ಕೆಲಸ ಮಾಡೋ ಮನುಷ್ಯ.

ಇಲ್ಲಿ ನನಗೊಂದು ಅನುಮಾನ ಇದೆ, ಹೇಳಿಬಿಡ್ತೀನಿ. ಬೇರೆಯವರ ಊರಿಗೆ ಬಂದು ನೆಲೆ ನಿಂತವರು ಇದ್ದಾರಲ್ಲ, ಅವರಲ್ಲಿ ಈ ಗುಣ ಜಾಸ್ತಿ ಕಾಣುತ್ತೆ. ಎರಡು ಪಟ್ಟು ದುಡಿಯೋದು, ಅರ್ಧ ಮಾತಾಡೋದು. ಇದು ಗುಣವೋ, ಭಯವೋ? 2013ರ ಪ್ಲೇಆಫ್ ಸಮಯದಲ್ಲಿ ಡೆಂಗ್‌ಗೆ ಮೆದುಳುಜ್ವರ ಇರಬಹುದು ಅನ್ನೋ ಶಂಕೆಯಿಂದ ಬೆನ್ನುಹುರಿಯ ನೀರು ತೆಗೆದು ಪರೀಕ್ಷೆ ಮಾಡಿದ್ರು, ಅದರಿಂದಲೇ ತೊಂದರೆಯಾಗಿ ಆಸ್ಪತ್ರೆ ಸೇರಿದ. ಅವನು ಯಾಕೆ ಆಡ್ತಿಲ್ಲ ಅಂತ ಕೆಲವರು ಆಗಲೂ ಕೇಳ್ತಿದ್ರು.

ಈಗ ಜೆರ್ಸಿಯ ಪ್ರಶ್ನೆಗೆ ಬರೋಣ. ಬುಲ್ಸ್ ಜೆರ್ಸಿ ಸರಿ, ಅದು ಉದ್ಯೋಗ. ದೇಶದ ಜೆರ್ಸಿ? ಹುಟ್ಟಿದ ಸೂಡಾನ್ ಓಡಿಸಿತ್ತು. ದಕ್ಷಿಣ ಸೂಡಾನ್ ಅನ್ನೋ ದೇಶವೇ ಇನ್ನೂ ಇರಲಿಲ್ಲ. ಅಮೆರಿಕ ಕೆಲಸ ಕೊಟ್ಟಿತ್ತು. ಬ್ರಿಟನ್ ಆಶ್ರಯ ಕೊಟ್ಟಿತ್ತು. 2006ರಲ್ಲಿ ಡೆಂಗ್ ಬ್ರಿಟಿಷ್ ಪೌರ ಆದ, ಬ್ರಿಟನ್ ಪರ ಆಡಿದ. 2012ರ ಲಂಡನ್ ಒಲಿಂಪಿಕ್ಸ್ ಬಂತು. ಬ್ರಿಟನ್ ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದು ಅದಕ್ಕೂ ಮುಂಚೆ 1948ರಲ್ಲಿ ಮಾತ್ರ. ಆ ವರ್ಷ ಡೆಂಗ್‌ನ ಎಡಗೈ ಮಣಿಕಟ್ಟಿನ ಅಸ್ಥಿರಜ್ಜು ಹರಿದಿತ್ತು. ಸಂಬಳ ಕೊಡೋ ತಂಡಕ್ಕೆ ಶಸ್ತ್ರಚಿಕಿತ್ಸೆ ಬೇಗ ಆಗಬೇಕು. ಇವನು ಅದನ್ನ ಮುಂದೂಡಿ, ಹರಿದ ಮಣಿಕಟ್ಟಿನಲ್ಲೇ ಬ್ರಿಟನ್‌ಗಾಗಿ ಆಡಿದ.

ಐದು ಪಂದ್ಯ, ಒಂದೇ ಗೆಲುವು, ಅದೂ ಚೀನಾ ಮೇಲೆ. ಸ್ಪೇನ್ ವಿರುದ್ಧ ಒಂದು ಅಂಕದಿಂದ ಸೋತರು. ಪದಕ ಇಲ್ಲ. ಎರಡು ವರ್ಷ ಕಳೀತು, 2014ರಲ್ಲಿ ಬ್ರಿಟನ್ನಿನ ಕ್ರೀಡಾ ಇಲಾಖೆ ಬಾಸ್ಕೆಟ್‌ಬಾಲ್‌ಗೆ ಕೊಡ್ತಿದ್ದ ಹಣವನ್ನೇ ಪೂರ್ತಿ ನಿಲ್ಲಿಸಿತು. ಪದಕ ಬರಲ್ಲ ಅನ್ನೋ ಕಾರಣಕ್ಕೆ! ಬಡ ಬಡಾವಣೆಯ ಮಕ್ಕಳು ಜಾಸ್ತಿ ಆಡೋ ಆಟ ಅದು ಅಲ್ಲಿ. ನಮ್ಮ ಇಲಾಖೆಗಳನ್ನ ಮಾತ್ರ ಬೈಯೋದು ಬೇಡ ಅಂತ ಹೇಳಿದೆ ಅಷ್ಟೇ.

ಅದೇ 2014ರಲ್ಲಿ ಇನ್ನೊಂದು ನಡೀತು. ಆಟ್ಲಾಂಟಾ ಹಾಕ್ಸ್ ತಂಡ ಡೆಂಗ್‌ನ ಖರೀದಿ ಮಾಡೋ ಬಗ್ಗೆ ಫೋನಿನಲ್ಲಿ ಸಭೆ ಮಾಡ್ತಿತ್ತು. ತಂಡದ ಜನರಲ್ ಮ್ಯಾನೇಜರ್ ಒಂದು ವರದಿ ನೋಡ್ಕೊಂಡು ಮಾತಾಡ್ತಾ, ಇವನಲ್ಲಿ ಸ್ವಲ್ಪ ಆಫ್ರಿಕನ್ ಗುಣ ಇದೆ ಅಂದ. ಹೊರಗೆ ಚೆಂದದ ಅಂಗಡಿ, ಹಿಂದೆ ಕಳ್ಳಮಾಲು ಅನ್ನೋ ಅರ್ಥದಲ್ಲಿ. ರೆಕಾರ್ಡ್ ಹೊರಬಂತು, ದೊಡ್ಡ ರಂಪ ಆಯ್ತು, ಆ ಮ್ಯಾನೇಜರ್ ರಜೆ ಮೇಲೆ ಹೋದ, ಆಮೇಲೆ ಕೆಲಸವೂ ಹೋಯ್ತು. ಡೆಂಗ್ ಒಂದು ಹೇಳಿಕೆ ಕೊಟ್ಟ. ಅದರ ಸಾರ ಇಷ್ಟು: ನನ್ನಲ್ಲಿ ಆಫ್ರಿಕಾ ಸ್ವಲ್ಪ ಅಲ್ಲ, ತುಂಬಾ ಇದೆ, ಅದು ನನಗೆ ಹೆಮ್ಮೆ. ಹತ್ತು ವರ್ಷ ಬಾಯಿ ಮುಚ್ಚಿ ದುಡಿದವನು ಅವತ್ತು ಮಾತಾಡಿದ. ಅದೇ ವರ್ಷ ಅವನಿಗೆ ಎನ್‌ಬಿಎಯ ಸಮಾಜಸೇವಾ ಪ್ರಶಸ್ತಿಯೂ ಬಂದಿತ್ತು ಅನ್ನೋದು ನೋಡಿ.

ಸರಿ, ಈಗ ನನ್ನ ಇಷ್ಟದ ವಿಷಯ. ದುಡ್ಡು.

2016ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಡೆಂಗ್ ಜೊತೆ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಒಪ್ಪಂದ ಮಾಡ್ಕೊಂಡಿತು. ವಯಸ್ಸು 31. ಎನ್‌ಬಿಎ ಇತಿಹಾಸದ ಕೆಟ್ಟ ಒಪ್ಪಂದಗಳಲ್ಲಿ ಒಂದು ಅಂತ ಅಮೆರಿಕದ ಪತ್ರಕರ್ತರು ಇವತ್ತಿಗೂ ಬರೀತಾರೆ. ಮೊದಲ ವರ್ಷ ಆಡಿಸಿದ್ರು, ಎರಡನೇ ವರ್ಷ ಇಡೀ ಸೀಸನ್‌ನಲ್ಲಿ ಒಂದೇ ಪಂದ್ಯ. ತಂಡ ಎಳೆಯ ಹುಡುಗರನ್ನ ಬೆಳೆಸಬೇಕು ಅಂತ ಇವನನ್ನ ಬೆಂಚಿನಲ್ಲೂ ಕೂರಿಸಲಿಲ್ಲ. 2018ರಲ್ಲಿ ಲೆಬ್ರಾನ್ ಲೇಕರ್ಸ್‌ಗೆ ಬಂದ, ಮುಂದೆ ಇನ್ನೂ ದೊಡ್ಡ ಆಟಗಾರರನ್ನ ತರೋಕೆ ಸಂಬಳದ ಮಿತಿಯಲ್ಲಿ ಜಾಗ ಬೇಕು. ಡೆಂಗ್ ಒಂದಷ್ಟು ಮೊತ್ತ ಬಿಟ್ಟುಕೊಟ್ಟು ಹೊರಗೆ ಬಂದ.

ಇದನ್ನ ಅವರು ಲೆಕ್ಕದಲ್ಲಿ ಹೇಗೆ ತೋರಿಸಿದ್ರು ಅನ್ನೋದು ಕಾಮರ್ಸ್ ಹುಡುಗರಿಗೆ ಖುಷಿ ಕೊಡುತ್ತೆ. ಎನ್‌ಬಿಎಯಲ್ಲಿ ಪ್ರತಿ ತಂಡಕ್ಕೂ ಒಟ್ಟು ಸಂಬಳದ ಒಂದು ಮಿತಿ ಇರುತ್ತೆ. ಕೈಬಿಟ್ಟ ಆಟಗಾರನ ಬಾಕಿ ಸಂಬಳ ಕೂಡ ಆ ಮಿತಿಯೊಳಗೇ ಬರುತ್ತೆ. ಆದ್ರೆ ಒಂದು ನಿಯಮ ಇದೆ: ಬಾಕಿ ಉಳಿದಿರೋ ವರ್ಷಗಳನ್ನ ಎರಡರಿಂದ ಗುಣಿಸಿ ಒಂದು ಕೂಡಿಸಿ, ಅಷ್ಟು ವರ್ಷಕ್ಕೆ ಆ ಮೊತ್ತವನ್ನ ಹಂಚಬಹುದು. ನಾವು ಮೊಬೈಲ್ ಇಎಂಐ ಉದ್ದ ಮಾಡ್ಕೊಳ್ತೀವಲ್ಲ, ಹಾಗೆ. ಡೆಂಗ್‌ನ ಕೊನೆಯ ವರ್ಷದ ಸಂಬಳವನ್ನ ಮೂರು ವರ್ಷಕ್ಕೆ ಹಂಚಿ, ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್ ಅಂತ 2022ರವರೆಗೆ ಬರೆದುಕೊಂಡರು. 2020ರಲ್ಲಿ ಲೇಕರ್ಸ್ ಚಾಂಪಿಯನ್ ಆದಾಗಲೂ ಅವರ ಪುಸ್ತಕದಲ್ಲಿ ಡೆಂಗ್ ಹೆಸರು ಇತ್ತು, ನಿವೃತ್ತಿಯಾಗಿ ವರ್ಷ ಆಗಿದ್ರೂ.

ಮಿನ್ನೆಸೋಟದಲ್ಲಿ ಒಂದು ಸೀಸನ್ ಆಡಿ, 2019ರಲ್ಲಿ ಡೆಂಗ್ ಶಿಕಾಗೊಗೆ ವಾಪಸ್ ಬಂದು ಬುಲ್ಸ್ ಆಟಗಾರನಾಗಿಯೇ ನಿವೃತ್ತಿ ಘೋಷಿಸಿದ. ಹದಿನೈದು ಸೀಸನ್. ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗೀಬೇಕು. ಬಂಗಲೆ, ಬೋಟು, ಪಾಡ್‌ಕಾಸ್ಟ್. (ಆಟಗಾರರು ನಿವೃತ್ತಿ ಆದ ಮೇಲೆ ಪಾಡ್‌ಕಾಸ್ಟ್ ಮಾಡೋದು ನಿಲ್ಲಿಸಿದ್ರೆ ನಮ್ಮಂಥವರ ಹೊಟ್ಟೆಪಾಡು ನಡೆಯುತ್ತೆ.)

ಅದೇ 2019ರ ಕೊನೆಗೆ ಡೆಂಗ್ ದಕ್ಷಿಣ ಸೂಡಾನ್ ಬಾಸ್ಕೆಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷ ಆದ. ಆ ಸಂಸ್ಥೆಯಲ್ಲಿ ಏನಿತ್ತು? ಹೆಚ್ಚೇನೂ ಇಲ್ಲ. ದೇಶ ಸ್ವತಂತ್ರ ಆದ ಎರಡೇ ವರ್ಷಕ್ಕೆ, 2013ರ ಡಿಸೆಂಬರ್‌ನಲ್ಲಿ, ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಉಪಾಧ್ಯಕ್ಷನಾಗಿದ್ದ ರೀಕ್ ಮಚಾರ್ ಬಣಗಳ ನಡುವೆ ಹೊಸ ಅಂತರ್ಯುದ್ಧ ಶುರುವಾಗಿ 2018ರವರೆಗೆ ನಡೆದಿತ್ತು. ಡಿಂಕಾ, ನೂಯೆರ್ ಅಂತ ಜನಾಂಗ ನೋಡಿ ಕೊಂದರು. ಇವತ್ತಿಗೂ 20 ಲಕ್ಷಕ್ಕೂ ಹೆಚ್ಚು ದಕ್ಷಿಣ ಸೂಡಾನಿಗರು ಉಗಾಂಡಾ, ಸೂಡಾನ್, ಇಥಿಯೋಪಿಯಾ, ಕೀನ್ಯಾ ಕಡೆ ನಿರಾಶ್ರಿತರು. ಹೀಗಿರೋವಾಗ ತಂಡ ಎಲ್ಲಿಂದ ಬರಬೇಕು?

ನಿರಾಶ್ರಿತರಿಂದಲೇ. ಡೆಂಗ್ ಮಾಡಿದ್ದು ಅದು. ಆಸ್ಟ್ರೇಲಿಯಾ, ಅಮೆರಿಕ, ಕೆನಡಾ, ಕೀನ್ಯಾ, ಉಗಾಂಡಾ, ಎಲ್ಲೆಲ್ಲಿ ಯುದ್ಧದಿಂದ ಓಡಿಹೋದವರ ಮಕ್ಕಳು ಬೆಳೆದಿದ್ರೋ ಅಲ್ಲೆಲ್ಲ ಫೋನ್ ಮಾಡಿದ. ವಿಮಾನ ಟಿಕೆಟ್, ಹೋಟೆಲ್, ಅಭ್ಯಾಸಕ್ಕೆ ಬಾಡಿಗೆ ಅಂಗಳ, ಹೆಚ್ಚಿನದು ಅವನ ಜೇಬಿಂದ. ಸ್ವಂತ ದೇಶದಲ್ಲಿ ಸೂರಿರೋ ಅಂಗಳ ಇಲ್ಲ ಅಂತ ರುವಾಂಡಾದ ಕಿಗಾಲಿಯಲ್ಲಿ ಕ್ಯಾಂಪ್ ಹಾಕಿದ. ಎನ್‌ಬಿಎಯಲ್ಲಿ ಆಡಿದ್ದ ಗೆಳೆಯ ರಾಯಲ್ ಐವಿಯನ್ನ ಕೋಚ್ ಮಾಡಿದ. ಈಗ ಮನೂಟ್ ಬೋಲ್ ನೆನಪಾಗ್ತಿದ್ದಾನಾ? ಅಲ್ಲಿ ಲೇಕರ್ಸ್ ಕಂಪನಿ ಹಾಳು ಒಪ್ಪಂದ ಅಂತ ಬರೆದುಕೊಂಡ ದುಡ್ಡು ಇಲ್ಲಿ ಒಂದು ದೇಶದ ತಂಡ ಆಗ್ತಿತ್ತು ಅಂತ ನಾನಂದ್ರೆ ಸ್ವಲ್ಪ ಸಿನಿಮಾ ಥರ ಆಗಬಹುದು. ಅದೇ ನೋಟು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಆದ್ರೂ ಅಂತೀನಿ.

2021ರಲ್ಲಿ ಮೊದಲ ಬಾರಿಗೆ ಆಫ್ರಿಕಾ ಚಾಂಪಿಯನ್‌ಶಿಪ್, ಮೊದಲ ಸಲವೇ ಕ್ವಾರ್ಟರ್ ಫೈನಲ್. 2023ರಲ್ಲಿ ವಿಶ್ವಕಪ್. ಅಲ್ಲಿ ಚೀನಾ ಮೇಲೆ 89-69, ಫಿಲಿಪ್ಪೀನ್ಸ್ ಮೇಲೆ ಅವರದೇ ನೆಲದಲ್ಲಿ 87-68, ಅಂಗೋಲಾ ಮೇಲೆ 101-78. ಆಫ್ರಿಕಾದ ತಂಡಗಳಲ್ಲಿ ಮೊದಲ ಸ್ಥಾನ, ಅದರಿಂದ ನೇರ ಒಲಿಂಪಿಕ್ಸ್ ಟಿಕೆಟ್. ಆಮೇಲೆ 2024ರ ಜುಲೈ, ಲಂಡನ್, ಆ ಒಂದು ಅಂಕ.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜುಲೈ 28ಕ್ಕೆ ಮೊದಲ ಪಂದ್ಯ, ಪೋರ್ಟೊರಿಕೊ ವಿರುದ್ಧ. ಆಟಗಾರರು ಎದೆ ಮೇಲೆ ಕೈಯಿಟ್ಟು ನಿಂತಿದ್ದಾರೆ. ರಾಷ್ಟ್ರಗೀತೆ ಶುರುವಾಯ್ತು. ಅದು ಸೂಡಾನಿನ ರಾಷ್ಟ್ರಗೀತೆ. ಯಾವ ದೇಶದಿಂದ ಬೇರೆಯಾಗೋಕೆ ಲಕ್ಷಾಂತರ ಜನ ಸತ್ತರೋ ಆ ದೇಶದ ಗೀತೆ. ಯಾರೋ ತಪ್ಪು ಫೈಲ್ ಒತ್ತಿದ್ರು ಅಷ್ಟೇ. ಆಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಪ್ರೇಕ್ಷಕರು ಕೂಗಿದರು, ನಿಲ್ಲಿಸಿ ಸರಿಯಾದ್ದು ಹಾಕಿದ್ರು. ಆಮೇಲೆ ತಂಡ 90-79ಕ್ಕೆ ಗೆದ್ದಿತು. ಮುಂದೆ ಅಮೆರಿಕ ಮತ್ತು ಸರ್ಬಿಯಾ ವಿರುದ್ಧ ಸೋತು ಮನೆಗೆ. ಮನೆ ಅಂದ್ರೆ ಬೇರೆ ಬೇರೆ ದೇಶಗಳಿಗೆ.

ಇಲ್ಲಿ ಒಂದು ತಕರಾರು ಬರುತ್ತೆ. ಬರಬೇಕು ಕೂಡ. ಆ ತಂಡದ ಕೆಲವು ಹುಡುಗರು ದಕ್ಷಿಣ ಸೂಡಾನನ್ನ ಸರಿಯಾಗಿ ನೋಡೇ ಇಲ್ಲ. ಲಂಡನ್ ಪಂದ್ಯದಲ್ಲಿ ಅಂಕ, ರಿಬೌಂಡ್, ಅಸಿಸ್ಟ್ ಮೂರರಲ್ಲೂ ಎರಡಂಕಿ ಮುಟ್ಟಿದ ಕಾರ್ಲಿಕ್ ಜೋನ್ಸ್ ಹುಟ್ಟಿದ್ದು ಬೆಳೆದಿದ್ದು ಅಮೆರಿಕದಲ್ಲಿ, ಪೌರತ್ವ ಪಡೆದು ಆಡಿದವನು. ಹಾಗಾದ್ರೆ ಇದು ನಿಜವಾದ ದೇಶದ ತಂಡವಾ? ನನಗನ್ಸೋದು, ಒಂದು ದೇಶದ ಜನರೇ ನಾಲ್ಕು ದಿಕ್ಕಿಗೆ ಚದುರಿಹೋದಾಗ ಅದರ ತಂಡ ಇನ್ನು ಹೇಗಿರಬೇಕು? ನಮ್ಮ ದೇಶದಲ್ಲಿ ನಿಯಮ ಇದಕ್ಕೆ ಪೂರ್ತಿ ಉಲ್ಟಾ. ಭಾರತೀಯ ಪಾಸ್‌ಪೋರ್ಟ್ ಇಲ್ಲದವರು ಭಾರತದ ಪರ ಆಡೋ ಹಾಗಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪಾಸ್‌ಪೋರ್ಟನ್ನೇ ಬಿಟ್ಟುಕೊಟ್ಟು ಭಾರತದ ಪೌರ ಆಗಬೇಕಾಯ್ತು. ಅವರಿಗೆ ಬಿಟ್ಟುಕೊಡೋಕೆ ಒಂದು ಪಾಸ್‌ಪೋರ್ಟ್ ಆದ್ರೂ ಇತ್ತು.

ಇಲ್ಲದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಮೈಸೂರು ಜಿಲ್ಲೆಯ ಬೈಲಕುಪ್ಪೆ, ಉತ್ತರ ಕನ್ನಡದ ಮುಂಡಗೋಡ, ಕೊಳ್ಳೇಗಾಲದ ಕಡೆ ಒಡೆಯರಪಾಳ್ಯ. 1960ರ ಹೊತ್ತಿಗೆ ಮೈಸೂರು ಸರ್ಕಾರ ಟಿಬೆಟಿಯನ್ನರಿಗೆ ಬೈಲಕುಪ್ಪೆಯಲ್ಲಿ ಭೂಮಿ ಕೊಡ್ತು. ಗೋಲ್ಡನ್ ಟೆಂಪಲ್ ಮುಂದೆ ನೀವೂ ಸೆಲ್ಫಿ ತಗೊಂಡಿರ್ತೀರಿ, ಚಳಿಗಾಲದಲ್ಲಿ ಅವರ ಹತ್ತಿರ ಸ್ವೆಟರ್ ಚೌಕಾಸಿ ಮಾಡಿರ್ತೀರಿ. ಇಲ್ಲೇ ಹುಟ್ಟಿ, ಕನ್ನಡ ಚೆನ್ನಾಗಿ ಮಾತಾಡೋ ಟಿಬೆಟಿಯನ್ ಹುಡುಗ ಒಳ್ಳೆ ಆಟಗಾರ ಆದ ಅಂದ್ಕೊಳ್ಳಿ. ಯಾವ ಜೆರ್ಸಿ ಹಾಕ್ಬೇಕು? 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತೀಯರೇ. ಆದ್ರೂ ಟಿಬೆಟಿಯನ್ನರು ಅದನ್ನ ಕೋರ್ಟಿನಲ್ಲಿ ಹೋರಾಡಿ ಪಡೀಬೇಕಾಯ್ತು, 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್. ಅದರ ನಂತರ ಹುಟ್ಟಿದವರಿಗೆ, ಅಂದ್ರೆ ನನ್ನ ನಿಮ್ಮ ವಯಸ್ಸಿನವರಿಗೆ, ಅಪ್ಪ ಅಮ್ಮನಲ್ಲಿ ಒಬ್ಬರಾದ್ರೂ ಭಾರತೀಯ ಪೌರ ಆಗಿರ್ಬೇಕು. ಇಲ್ಲಾಂದ್ರೆ ಪ್ರಯಾಣಕ್ಕೆ ಒಂದು ಹಳದಿ ಗುರುತಿನ ಪುಸ್ತಕ. 2001ರಲ್ಲಿ ಟಿಬೆಟ್ ಹೆಸರಿನ ಫುಟ್ಬಾಲ್ ತಂಡ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 4-1ಕ್ಕೆ ಸೋತಿತ್ತು. ಫಿಫಾ ಲೆಕ್ಕದಲ್ಲಿ ಅದು ಪಂದ್ಯವೇ ಅಲ್ಲ. ಅಂದ ಹಾಗೆ, 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಇನ್ನೂ ಸಹಿ ಹಾಕಿಲ್ಲ.

ಇನ್ನೊಂದು ಮಾತು. ಇನ್‌ಸ್ಟಾದಲ್ಲಿ ಡೆಂಗ್ ಬಗ್ಗೆ ವಿಡಿಯೋಗಳಿವೆ, ಹಿಂದೆ ಪಿಯಾನೊ, ಮುಂದೆ "ಕಷ್ಟಪಟ್ರೆ ಏನೂ ಸಾಧ್ಯ" ಅನ್ನೋ ಸಾಲು. ನನಗೆ ಕೋಪ ಬರುತ್ತೆ. ಜಗತ್ತಿನಲ್ಲಿ ಮನೆ ಬಿಟ್ಟು ಓಡಿಹೋದವರು 2024ರ ಕೊನೆಗೆ 12 ಕೋಟಿಗೂ ಹೆಚ್ಚು ಇದ್ರು. ಅವರೆಲ್ಲ ಕಷ್ಟಪಡ್ತಿಲ್ವಾ? ಆರಡಿ ಒಂಬತ್ತಿಂಚು ಎತ್ತರ, ಮಂತ್ರಿಯಾಗಿದ್ದ ಅಪ್ಪ, ಈಜಿಪ್ಟ್‌ನಲ್ಲಿ ಸಿಕ್ಕ ಮನೂಟ್ ಬೋಲ್, ಆಶ್ರಯ ಕೊಟ್ಟ ಒಂದು ದೇಶ, ಬ್ರಿಕ್ಸ್‌ಟನ್ನಿನ ಕೋಚ್. ಇಷ್ಟೂ ಸೇರಿ ಒಬ್ಬ ಡೆಂಗ್. ಇದರಲ್ಲಿ ಒಂದು ಕೊಂಡಿ ಕಳಚಿದ್ರೂ ನಮಗೆ ಅವನ ಹೆಸರೇ ಗೊತ್ತಿರ್ತಿರಲಿಲ್ಲ.

ಈಗ ಫೀನಿಕ್ಸ್ ವಿಷಯ. ಖಮಾನ್ ಮಲುವಾಚ್ ಅನ್ನೋ ಹುಡುಗ ಇದ್ದಾನೆ. ಹುಟ್ಟಿದ್ದು ದಕ್ಷಿಣ ಸೂಡಾನಿನ ರುಂಬೆಕ್‌ನಲ್ಲಿ, 2006ರಲ್ಲಿ. ಯುದ್ಧದಿಂದ ತಪ್ಪಿಸಿಕೊಂಡು ಬೆಳೆದಿದ್ದು ಉಗಾಂಡಾದ ಕಂಪಾಲಾದಲ್ಲಿ. ಬಾಸ್ಕೆಟ್‌ಬಾಲ್ ಶುರು ಮಾಡಿದಾಗ ಶೂ ಇರಲಿಲ್ಲ, ಕ್ರಾಕ್ಸ್ ಚಪ್ಪಲಿ ಹಾಕ್ಕೊಂಡು ಆಡಿದ. ಏಳಡಿ ಎರಡಿಂಚು. 2023ರ ವಿಶ್ವಕಪ್‌ನಲ್ಲಿ 16ನೇ ವಯಸ್ಸಿಗೇ ಡೆಂಗ್ ಕಟ್ಟಿದ ತಂಡದಲ್ಲಿದ್ದ, ಪ್ಯಾರಿಸ್‌ನಲ್ಲೂ ಇದ್ದ. ಆಮೇಲೆ ಡೆಂಗ್ ಓದಿದ ಅದೇ ಡ್ಯೂಕ್ ವಿಶ್ವವಿದ್ಯಾಲಯ.

2025ರ ಏಪ್ರಿಲ್ 5, ಶನಿವಾರ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನ ಸೆಮಿಫೈನಲ್, ಡ್ಯೂಕ್ ಆಡಬೇಕು. ಅದೇ ದಿನ ಅಮೆರಿಕದ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಪ್ರಕಟಿಸಿದ್ದು: ದಕ್ಷಿಣ ಸೂಡಾನ್ ಪಾಸ್‌ಪೋರ್ಟ್ ಇರೋ ಎಲ್ಲರ ವೀಸಾ ರದ್ದು. ಗಡೀಪಾರಾದವರನ್ನ ಆ ದೇಶ ಸರಿಯಾಗಿ ವಾಪಸ್ ತಗೊಳ್ತಿಲ್ಲ ಅನ್ನೋದು ಕಾರಣ. ಅಂಗಳಕ್ಕೆ ಇಳಿಯಬೇಕಾದ 18 ವರ್ಷದ ಹುಡುಗನಿಗೆ ಈ ದೇಶದಲ್ಲಿ ನಾಳೆ ಇರಬಹುದೋ ಇಲ್ವೋ ಗೊತ್ತಿಲ್ಲ. ಆಡಿದ. ಡ್ಯೂಕ್ 70-67ಕ್ಕೆ ಸೋತಿತು. ಅದಕ್ಕೆ ಕೆಲವೇ ದಿನ ಮುಂಚೆ ಅವನ ದೇಶದಲ್ಲಿ ರೀಕ್ ಮಚಾರ್‌ನ ಗೃಹಬಂಧನದಲ್ಲಿ ಇಟ್ಟಿದ್ರು, ಮತ್ತೆ ಯುದ್ಧ ಆಗುತ್ತೆ ಅನ್ನೋ ಮಾತು.

ಜೂನ್ 25ಕ್ಕೆ ಎನ್‌ಬಿಎ ಡ್ರಾಫ್ಟ್. ಹತ್ತನೇ ಆಯ್ಕೆಯಲ್ಲಿ ಖಮಾನ್ ಹೆಸರು ಕೂಗಿದ್ರು. ಕೂಗಿದ ತಂಡ ಹ್ಯೂಸ್ಟನ್, ಆದ್ರೆ ಆಟಗಾರರ ಅದಲುಬದಲಿನಲ್ಲಿ ಅವನು ಹೋಗಿ ಸೇರಿದ್ದು ಫೀನಿಕ್ಸ್ ಸನ್ಸ್. 2004ರಲ್ಲಿ ಡೆಂಗ್ ಹೆಸರು ಕೂಗಿ ಬಿಟ್ಟುಕೊಟ್ಟ ಅದೇ ತಂಡ. ವೇದಿಕೆಯ ಆಚೆ ಬಂದು ಮೈಕ್ ಮುಂದೆ ನಿಂತಾಗ ಆ ಏಳಡಿ ಹುಡುಗನಿಗೆ ಮಾತು ಹೊರಡಲಿಲ್ಲ, ಮುಖ ಮುಚ್ಚಿಕೊಂಡು ಅತ್ತ.

ಬೈಲಕುಪ್ಪೆ, ಮುಂಡಗೋಡ ಕಡೆ ಆಡೋ ಹುಡುಗರು, ಹುಡುಗಿಯರು ಯಾರಾದ್ರೂ ಇದನ್ನ ಕೇಳ್ತಿದ್ರೆ ನನಗೊಂದು ವಾಯ್ಸ್ ನೋಟ್ ಕಳಿಸಿ. ಕನ್ನಡದಲ್ಲೇ ಆದ್ರೂ ಸರಿ, ಟಿಬೆಟಿಯನ್ ಭಾಷೆಯಲ್ಲಾದ್ರೂ ಸರಿ, ಅರ್ಥ ಮಾಡಿಸೋಕೆ ಒಬ್ಬ ಗೆಳೆಯ ಇದ್ದಾನೆ. ಮುಂದಿನ ವಾರ ಸಿಗೋಣ.